ಅಲ್ಲಾಡುವ ಕುರ್ಚಿ

ಕಂಪನಿ ಮಾರಾಟವಾದ ದಿನ ಯಜಮಾನರು ಆಫೀಸಿನಿಂದ ಮನೆಗೆ ತಂದದ್ದು ಒಂದು ಕುರ್ಚಿ ಮಾತ್ರ. ಗೋಡೆಯ ಮೇಲಿನ ಪ್ರಶಸ್ತಿಗಳನ್ನೂ ಗಾಜಿನ ಮೇಜನ್ನೂ ಹೊಸ ಮಾಲೀಕರಿಗೇ ಬಿಟ್ಟು ಬಂದಿದ್ದರು. ಹಳೆಯ ಮರದ ಕುರ್ಚಿ, ಎರಡೂ ಕಡೆ ಕೈಗಳಿದ್ದವು. ಹಿಂದಿನ ಒಂದು ಕಾಲು ಉಳಿದ ಮೂರಕ್ಕಿಂತ ಚೂರು ಗಿಡ್ಡ. ಡ್ರೈವರ್ ಅದನ್ನು ಹಜಾರದಲ್ಲಿ ಇಳಿಸಿದ ಕೂಡಲೇ ಟಕ್ಕೆಂದು ಒಂದು ಕಡೆಗೆ ವಾಲಿತು.

"ಜೀವಮಾನ ಪೂರ್ತಿ ದುಡಿದದ್ದಕ್ಕೆ ಇದಾ ಬಹುಮಾನ? ಕುಂಟ ಕುರ್ಚಿ?" ಎಂದರು ಹೆಂಡತಿ.

"ಇದು ಯಾವ ಕುರ್ಚಿ ಅಂತ ಗೊತ್ತಿಲ್ವಾ ನಿನಗೆ?"

"ನನಗೆ ಹೇಗೆ ಗೊತ್ತಿರುತ್ತೆ ರೀ? ನೀವು ಯಾವತ್ತು ಹೇಳಿದ್ರಿ?"

ಯಜಮಾನರು ಚಪ್ಪಲಿ ಬಿಡುತ್ತಿದ್ದವರು ಒಂದು ಕಾಲು ಹೊರಗೆ, ಒಂದು ಕಾಲು ಒಳಗೆ ನಿಂತುಬಿಟ್ಟರು. ಆಫೀಸಿನ ಮಾತನ್ನು ಚಪ್ಪಲಿಯ ಜೊತೆ ಬಾಗಿಲ ಹೊರಗೇ ಬಿಡಬೇಕೆಂಬುದು ಈ ಮನೆಯ ಕಾನೂನು. ಮದುವೆಯ ಹೊಸತರಲ್ಲಿ ಹೆಂಡತಿಯೇ ಮಾಡಿದ್ದು. ಆಗ ಅವರು ಸೈಕಲ್ಲಿನಲ್ಲಿ ಬೀದಿ ಬೀದಿ ಸುತ್ತಿ ಜೀವವಿಮೆ ಮಾರುತ್ತಿದ್ದರು. ಊಟಕ್ಕೆ ಕೂತಾಗಲೂ "ನಾಳೆ ನಾನು ಸತ್ತೆ ಅಂತ ಇಟ್ಕೋ" ಎಂದೇ ಮಾತು ತೆಗೆಯುತ್ತಿದ್ದರು. "ಸಾಯೋ ಮಾತನ್ನ ಬೀದೀಲಿ ಮಾರ್ಕೊಂಡು ಬನ್ನಿ, ತಟ್ಟೆ ಮುಂದೆ ಬೇಡ" ಎಂದಿದ್ದರು ಆಕೆ. ಆ ಕಾನೂನನ್ನು ಯಜಮಾನರು ಎಷ್ಟು ಚೆನ್ನಾಗಿ ಪಾಲಿಸಿದರೆಂದರೆ, ಪಾಲಿಸುತ್ತಿದ್ದೇನೆ ಎಂಬುದೇ ಅವರಿಗೆ ಮರೆತುಹೋಗಿತ್ತು.

"ಹಾಗಾದರೆ ಪುಟ್ಟಿಗೂ ಗೊತ್ತಿಲ್ಲ" ಎಂದರು, ಹೆಂಡತಿಗಲ್ಲ, ತಮಗೇ.

ಪುಟ್ಟಿ ಅವರ ಒಬ್ಬಳೇ ಮಗಳು. ಎಂಟು ವರ್ಷದಿಂದ ಅಪ್ಪ ಮಗಳ ನಡುವೆ ಉಳಿದದ್ದು "ಊಟ ಆಯ್ತಾ", "ಆಯ್ತು" ಅಷ್ಟೇ.

ಕುರ್ಚಿ ಬಂದದ್ದು ಆಫೀಸು ದರ್ಜಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿದ್ದ ಕಾಲದಲ್ಲಿ. ಸೈಕಲ್ ಬಿಟ್ಟು, ಹೆಂಡತಿಯ ತಮ್ಮನನ್ನು ಜೊತೆಗೆ ಕಟ್ಟಿಕೊಂಡು, ಯಜಮಾನರು ಜನರ ಉಳಿತಾಯವನ್ನು ಒಳ್ಳೆಯ ಉದ್ಯಮಗಳಲ್ಲಿ ತೊಡಗಿಸುವ ಕೆಲಸ ಶುರುಮಾಡಿದ್ದರು. ಮೊದಲು ಹಣ ಹಾಕಿದ್ದು ಒಂದು ಐಸ್ ಫ್ಯಾಕ್ಟರಿಗೆ. ಭಾವನಿಗೂ ಇಷ್ಟ, ಭಾವಮೈದುನನಿಗೂ ಇಷ್ಟ. ಒಂದೇ ಬೇಸಿಗೆಯಲ್ಲಿ ಐಸಿನ ಜೊತೆ ಹಣವೂ ಕರಗಿತು. "ಇಬ್ಬರೂ ಹೌದು ಅಂದ್ವಲ್ಲ ಭಾವ, ಅದೇ ಎಡವಟ್ಟು" ಎಂದ ಭಾವಮೈದುನ. ಅಂದಿನಿಂದ ಒಂದು ಪದ್ಧತಿ ಬಂತು. ಯಾವ ಪ್ರಸ್ತಾಪ ಬಂದರೂ ಒಬ್ಬರು ಅಲ್ಲಾಡುವ ಕುರ್ಚಿಯಲ್ಲಿ ಕೂರಬೇಕು. ಕೂತವರು, ಪ್ರಸ್ತಾಪ ಎಷ್ಟೇ ಮನಸ್ಸಿಗೆ ಬಂದಿರಲಿ, ಅದನ್ನು ಬೇಡವೆಂದು ವಾದಿಸಬೇಕು. ಹುಳುಕು ಹುಡುಕಬೇಕು, ಗೇಲಿ ಮಾಡಬೇಕು, ಕರುಣೆ ತೋರಿಸಕೂಡದು. ವಾದ ಮುಗಿದ ಮೇಲೆ ಅವರ ನಿಜವಾದ ಅಭಿಪ್ರಾಯ ಬಾಯಿಂದ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಪ್ರಸ್ತಾಪ ಒಪ್ಪಿಗೆಯಾದರೆ ಎದ್ದು ನಿಲ್ಲುತ್ತಿದ್ದರು. ಆಗದಿದ್ದರೆ ಕೂತೇ ಇರುತ್ತಿದ್ದರು.

ಮೂರು ಕಾಲಿನ ಪೀಠ ಎಂಥ ನೆಲದಲ್ಲೂ ಅಲ್ಲಾಡುವುದಿಲ್ಲ. ತೊಂದರೆ ಶುರುವಾಗುವುದೇ ನಾಲ್ಕನೆಯ ಕಾಲಿನಿಂದ. ಯಜಮಾನರಿಗೆ ಆ ತೊಂದರೆಯೇ ಬೇಕಿತ್ತು. ಆರಾಮಾಗಿ ಕೂತವನಿಗೆ ತಪ್ಪು ಕಾಣುವುದಿಲ್ಲ ಎನ್ನುತ್ತಿದ್ದರು. ಕಂಪನಿ ಬೆಳೆದು ಗಾಜಿನ ಕಟ್ಟಡಕ್ಕೆ ಹೋದಾಗ ಹೊಸ ಬಡಗಿಯೊಬ್ಬ ಮರ್ಯಾದೆಗೆ ಆ ಕಾಲಿಗೆ ಚಕ್ಕೆ ಹೊಡೆದು ಸರಿಮಾಡಿಟ್ಟಿದ್ದ. ಚಕ್ಕೆ ಕೀಳಲು ಅವನನ್ನೇ ಕರೆಸಿದರು. "ರಿಪೇರಿ ಮಾಡಿದ್ದಕ್ಕೂ ಕೂಲಿ, ಕೆಡಿಸಿದ್ದಕ್ಕೂ ಕೂಲಿ. ಇಂಥ ಆಫೀಸು ಇನ್ನೊಂದಿದ್ರೆ ಹೇಳಿ ಸ್ವಾಮಿ" ಎಂದು ಅವನು ನಗುತ್ತಾ ಹೋದ. ಕಟ್ಟಡದಲ್ಲಿ ಟೀ ಕೊಡುವವನಿಗೂ ಕುರ್ಚಿಯ ಅರ್ಥ ಗೊತ್ತಿತ್ತು.

ಎಂಟು ವರ್ಷದ ಹಿಂದೆ, ಓದು ಮುಗಿಸಿದ ಪುಟ್ಟಿ ಗಾಜಿನ ಕಟ್ಟಡದಲ್ಲಿ ಆ ಕುರ್ಚಿಯಿದ್ದ ಕೋಣೆಗೆ ಬಂದದ್ದು ತನ್ನದೇ ಯೋಜನೆ ಹಿಡಿದುಕೊಂಡು. ತಳ್ಳುಗಾಡಿಯವರು, ಮನೆಗೆಲಸದವರು ದಿನಾ ಚಿಲ್ಲರೆ ಕಟ್ಟಿ ಮುಪ್ಪಿಗೆ ಪಿಂಚಣಿ ಪಡೆಯುವ ಯೋಜನೆ. ಸೈಕಲ್ ತುಳಿಯುವಾಗ ಅಪ್ಪ ತಾವೇ ಕನಸು ಕಂಡಿದ್ದ ಕೆಲಸ. ಯಜಮಾನರು ಖುಷಿಯಿಂದ ಎದ್ದು ಹೋಗಿ ಅಲ್ಲಾಡುವ ಕುರ್ಚಿಯಲ್ಲಿ ಕೂತರು. ಮಗಳೆಂದು ರಿಯಾಯಿತಿ ತೋರಿಸಿದರೆ ನಾಳೆ ಆಫೀಸೇ ಆಡಿಕೊಳ್ಳುತ್ತದೆ ಎಂದು ಇನ್ನಷ್ಟು ಚೂಪಾದರು.

"ಮಳೆ ಬಂದ ದಿನ ಗಾಡಿ ಹೊರಡಲ್ಲ. ಅವತ್ತಿನ ಕಂತು ಯಾರು ಕಟ್ತಾರೆ, ನೀನಾ?"

"ಒಂದೆರಡು ದಿನ ತಪ್ಪಿದ್ರೂ ನಡೆಯೋ ಹಾಗೆ ಲೆಕ್ಕ ಹಾಕಿದೀನಿ."

"ಕಂತು ವಸೂಲಿಗೆ ಹೋಗೋನ ಟೀ ಖರ್ಚು ಕಂತಿಗಿಂತ ಜಾಸ್ತಿ ಆಗುತ್ತೆ, ಅದನ್ನ ಹಾಕಿದ್ಯಾ? ಕಾಲೇಜಲ್ಲಿ ಬಡವರನ್ನ ಬರೀ ಪುಸ್ತಕದಲ್ಲಿ ನೋಡಿದೋರು ಹೀಗೇ ಲೆಕ್ಕ ಹಾಕೋದು."

"ಅಂದ್ರೆ ನನಗೆ ಏನೂ ಗೊತ್ತಿಲ್ಲ ಅಂತಲಾ ಅಪ್ಪ?"

"ಗೊತ್ತಿದ್ರೆ ಇದನ್ನ ತರ್ತಿರಲಿಲ್ಲ" ಎಂದು ವಾದ ಮುಗಿಸಿ, ಪದ್ಧತಿಯಂತೆ ಸುಮ್ಮನಾದರು.

ಆ ಮೌನದಲ್ಲಿ ಪುಟ್ಟಿ ತನ್ನ ಹಾಳೆಗಳನ್ನು ಜೋಡಿಸಿಕೊಂಡು ಹೊರಟುಹೋದಳು. ಬಾಗಿಲು ಮುಚ್ಚಿಕೊಂಡ ಮೇಲೆ ಯಜಮಾನರು ಎದ್ದು ನಿಂತರು.

"ಭಾವ, ಹೋಗಿ ಕರೀರಿ" ಎಂದ ಪಕ್ಕದಲ್ಲೇ ಕೂತಿದ್ದ ಭಾವಮೈದುನ.

"ಯಾಕೆ ಕರೀಲಿ? ನಾನು ಏಳ್ತೀನಿ ಅಂತ ಅವಳಿಗೆ ಗೊತ್ತಿಲ್ವಾ? ಎರಡು ನಿಮಿಷ ತಡೆಯೋಕಾಗದೋರ ಕೈಗೆ ಬೇರೆಯವರ ದುಡ್ಡು ಹೇಗೆ ಕೊಡೋದು?" ನಿಂತುಕೊಂಡೇ ಹೇಳಿದರು.

ಗೊತ್ತಿಲ್ಲದಿರಬಹುದು ಎಂಬ ಅನುಮಾನ ಇಬ್ಬರಲ್ಲಿ ಯಾರಿಗೂ ಬರಲಿಲ್ಲ. ಇವರು ಅವಳು ಬರಲಿ ಎಂದು ಕಾದರು, ಅವಳು ಇವರು ಕರೆಯಲಿ ಎಂದು. ಬೇರೆ ಊರಿನ ವಿಮಾ ಕಂಪನಿಯೊಂದರಲ್ಲಿ ನೌಕರಿ ಹಿಡಿದ ಪುಟ್ಟಿ ಆ ಯೋಜನೆಯನ್ನು ಮತ್ತೆ ಮುಟ್ಟಲಿಲ್ಲ. ಭಾವಮೈದುನ ತೀರಿಕೊಂಡ. ಅವನಿಲ್ಲದ ಮೇಲೆ ಕುರ್ಚಿಯಲ್ಲಿ ಕೂತು ಯಜಮಾನರ ಮುಖಕ್ಕೆ ಬೇಡವೆನ್ನುವ ಗಟ್ಟಿಗರು ಯಾರೂ ಉಳಿಯಲಿಲ್ಲ. ಎಲ್ಲರೂ ವಾದಿಸಿದ ಹಾಗೆ ಮಾಡಿ ಬೇಗ ಎದ್ದು ನಿಲ್ಲುತ್ತಿದ್ದರು. ಕಂಪನಿಯನ್ನು ಮಾರಲು ಯಜಮಾನರು ತೀರ್ಮಾನಿಸಿದ್ದು ಅದಕ್ಕೇ.

ಕುರ್ಚಿ ಮನೆಗೆ ಬಂದ ಸಂಜೆಯೇ ಯಜಮಾನರು ಫೋನ್ ಮಾಡಿದರು.

"ಅಮ್ಮ ಹುಷಾರಾಗಿದ್ದಾಳಾ?" ಗಾಬರಿಯಿಂದ ಕೇಳಿದಳು ಪುಟ್ಟಿ.

"ಇದ್ದಾಳೆ. ಭಾನುವಾರ ಬರ್ತೀಯಾ? ಒಂದು ಮಾತಿದೆ. ಫೋನಲ್ಲಿ ಆಗಲ್ಲ, ತೋರಿಸಿ ಹೇಳಬೇಕು."

"ಬರ್ತೀನಿ ಅಪ್ಪ."

"ಅದೇನು ಅಂಥ ಮಾತು?" ಎಂದು ಹೆಂಡತಿ ಕೆಣಕಿದರೆ, "ಅವಳು ಬರಲಿ, ಇಬ್ಬರಿಗೂ ಒಟ್ಟಿಗೆ ಹೇಳ್ತೀನಿ" ಎಂದು ನಕ್ಕರು.

ಭಾನುವಾರಕ್ಕೆ ಮೊದಲೇ, ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಕುಸಿದುಬಿದ್ದರು. ಮೆದುಳಿನ ಎಡಭಾಗಕ್ಕೆ ರಕ್ತ ಹೋಗದೆ ಬಲಗೈ, ಬಲಗಾಲು, ಮಾತು ಮೂರೂ ನಿಂತವು. ಹೇಳಿದ್ದು ಅರ್ಥವಾಗುತ್ತದೆ, ಹೇಳುವುದಕ್ಕೆ ಆಗುವುದಿಲ್ಲ, ಬರೆಯುವುದಕ್ಕೂ ಆಗುವುದಿಲ್ಲ ಎಂದರು ವೈದ್ಯರು. ಇಂಥವರಲ್ಲಿ ಕೆಲವರಿಗೆ ಒಂದೇ ಒಂದು ಶಬ್ದ ಉಳಿಯುವುದುಂಟು. ಯಜಮಾನರಿಗೆ ಉಳಿದದ್ದು "ಬೇಡ." ನೀರು ಬೇಕಾದರೂ ಬೇಡ, ಮಗಳನ್ನು ಕಂಡು ಕಣ್ಣು ತುಂಬಿದಾಗಲೂ ಬೇಡ.

ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಅವರು ಗಾಲಿಕುರ್ಚಿಯಲ್ಲಿ ಕೂರಲಾರದೆ ಚಡಪಡಿಸಿದರು. ಎಡಗೈ ಎತ್ತಿ ಮೂಲೆಯ ಹಳೆಯ ಕುರ್ಚಿಯನ್ನೇ ತೋರಿಸುತ್ತಿದ್ದರು. ಕೊನೆಗೆ ಪುಟ್ಟಿ, ಅಮ್ಮ ಇಬ್ಬರೂ ಸೇರಿ ಅದರಲ್ಲಿ ಕೂರಿಸಿದರು.

ಪುಟ್ಟಿ ಎದುರಿಗೆ ನೆಲದ ಮೇಲೆ ಕೂತಳು. ಕುರ್ಚಿಯ ಕೈಯನ್ನು ಸವರಿದಳು.

"ಅವತ್ತೂ ಇದರಲ್ಲೇ ಕೂತಿದ್ರು ಅಮ್ಮ. ನನ್ನ ಯೋಜನೇನ ಚಿಂದಿ ಮಾಡಿದ್ದು ಇದರಲ್ಲೇ ಕೂತು." ಆಮೇಲೆ ಅಪ್ಪನ ಮುಖ ನೋಡಿ ದನಿ ಮೆತ್ತಗೆ ಮಾಡಿದಳು. "ಹೋಗ್ಲಿ ಬಿಡಿ ಅಪ್ಪ. ಅದನ್ನೇ ಮನಸ್ಸಲ್ಲಿಟ್ಕೊಂಡು ಕರೆದಿದ್ರೇನೋ. ನನಗೆ ಈಗ ಕೋಪ ಇಲ್ಲ. ನೀವು ಹೇಳಿದ್ದೇ ಸರಿ. ಅದು ನಡೀತಿರಲಿಲ್ಲ, ನನ್ನ ಕೈಲಿ ಆಗ್ತಿರಲಿಲ್ಲ."

"ಬೇಡ" ಎಂದರು ಯಜಮಾನರು.

"ಹೂಂ, ಬೇಡ. ಹಳೇ ಮಾತು ಬೇಡ."

"ಬೇಡ! ಬೇಡ!" ಎಡಗೈಯಿಂದ ಕುರ್ಚಿಯ ಕೈಯನ್ನು ಅದುಮಿ ಹಿಡಿದರು. ಎಡಗಾಲು ನೆಲಕ್ಕೆ ಊರಿದರು. ಕತ್ತಿನ ನರ ಉಬ್ಬಿತು. ಸೊಂಟ ಒಂದಿಷ್ಟು ಮೇಲೆದ್ದಿತು. ಕುರ್ಚಿ ಟಕ್ಕೆಂದು ವಾಲಿತು.

"ಅಯ್ಯೋ, ಬೀಳ್ತೀರಿ!" ಪುಟ್ಟಿ ನೆಗೆದು ಎರಡೂ ಭುಜ ಹಿಡಿದಳು. "ಏಳ್ಬೇಡಿ. ಕೂತ್ಕೊಳ್ಳಿ ಅಪ್ಪ, ಕೂತ್ಕೊಳ್ಳಿ."

"ಬಚ್ಚಲಿಗೆ ಹೋಗ್ಬೇಕೇನೋ ಕೇಳು" ಎಂದರು ಅಮ್ಮ.

ಅವರು ಮತ್ತೆ ಏಳಲು ನೋಡಿದರು. ಪುಟ್ಟಿ ಮತ್ತೆ, ಮಗುವನ್ನು ಕೂರಿಸುವ ಹಾಗೆ, ಮೆಲ್ಲಗೆ ಅದುಮಿ ಕೂರಿಸಿದಳು. ಅವಳ ಕೈಯಲ್ಲಿ ಬಲವಿತ್ತು, ಅವರಲ್ಲಿರಲಿಲ್ಲ.

"ಕುರ್ಚಿ ಅಲ್ಲಾಡುತ್ತಲ್ಲ, ಅದಕ್ಕೆ ಹೆದರ್ತಿದ್ದಾರೆ ಅಮ್ಮ" ಎಂದಳು. ಪೇಪರಿನ ಒಂದು ಹಾಳೆ ಹರಿದು, ಮಡಿಸಿ, ಮತ್ತೆ ಮಡಿಸಿ, ಗಿಡ್ಡ ಕಾಲಿನ ಅಡಿಗೆ ತುರುಕಿದಳು. ಕುರ್ಚಿಯ ಬೆನ್ನಿಗೆ ಕೈಯಿಟ್ಟು ಆ ಕಡೆ ಈ ಕಡೆ ತಳ್ಳಿ ನೋಡಿದಳು.

"ನೋಡಿ ಅಪ್ಪ, ಈಗ ಗಟ್ಟಿಯಾಯ್ತು."

ಯಜಮಾನರು ಮಗಳ ಕೈ ಹಿಡಿದುಕೊಂಡರು. ಆಮೇಲೆ ಏಳಲು ಪ್ರಯತ್ನಿಸಲಿಲ್ಲ.