ಎಡಗಡೆಯ ಪಕ್ಕೆಲುಬು

"ಎಡಗಡೆನೇ ಅಂತ ಇವರಿಗೆ ಯಾರು ಹೇಳಿದ್ರು?"

ಕೋಚ್ ವರ್ನನ್ ಟ್ಯಾಗರ್ಟ್ ಇದನ್ನು ಯಾರನ್ನೂ ಉದ್ದೇಶಿಸಿ ಕೇಳಲಿಲ್ಲ. ಮೈದಾನದ ಅಂಚಿನ ಬಿಳಿ ಗೆರೆಯ ಮೇಲೆ ನಿಂತು, ಎರಡೂ ಕೈಗಳನ್ನು ಟೋಪಿಯ ಮೇಲಿಟ್ಟುಕೊಂಡು, ಎದುರಿಗಿದ್ದ ಹುಲ್ಲನ್ನೇ ಕೇಳಿದಂತೆ ಕೇಳಿದರು. ಆ ಹುಲ್ಲಿನ ಮೇಲೆ ನಮ್ಮ ತಂಡದ ಚೆಂಡೆಸೆಯುವ ಹುಡುಗ ಮಲಕಾಯ್ ಬೂನ್ ಒಂದು ಮಗ್ಗುಲಾಗಿ ಬಿದ್ದಿದ್ದ. ಅದು ನಮ್ಮ ಮೈದಾನವಲ್ಲ, ಎದುರಾಳಿಗಳ ಊರಾದ ಹಾರ್ಮನಿ. ಆದರೂ ಜನ ಕೂಗು ನಿಲ್ಲಿಸಿಬಿಟ್ಟಿದ್ದರು. ಅವರ ಬ್ಯಾಂಡಿನ ಹುಡುಗರು ತುತ್ತೂರಿಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು.

ಪೆಲ್ ಕ್ರೀಕ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಬಸ್ಸು ಓಡಿಸುವವನು ನಾನು. ಆಟ ಮುಗಿಯುವವರೆಗೆ ನನಗೆ ಬೇರೆ ಕೆಲಸವಿಲ್ಲ, ನೀರಿನ ಡಬ್ಬಗಳ ಪಕ್ಕ ನಿಂತು ನೋಡುತ್ತೇನೆ. ಹಾಗಾಗಿ ಕೋಚ್ ಕೇಳಿದ್ದು ನನಗೆ ಕೇಳಿಸಿತು. ಎಡಗಡೆ ಎಂಬುದು ಯಾರಿಗೂ ಗೊತ್ತಾಗಬಾರದೆಂದು ಆ ಮನುಷ್ಯ ವಾರವಿಡೀ ಪಟ್ಟ ಪಾಡನ್ನು ನಾನು ಕಣ್ಣಾರೆ ಕಂಡಿದ್ದೆ.

ಕೋಚ್ ಟ್ಯಾಗರ್ಟ್ ಪತ್ರಿಕೆ, ರೇಡಿಯೋದವರ ಜೊತೆ ಮಾತಾಡುವವರಲ್ಲ. ಇದು ಇಡೀ ಮಿಸಿಸಿಪ್ಪಿಗೆ ಗೊತ್ತು. ಪ್ರತಿ ಸೋಮವಾರ ಕಾಲೇಜಿನವರು ಊರಿನ ದೊಡ್ಡವರಿಗೂ ವರದಿಗಾರರಿಗೂ ಊಟ ಹಾಕುತ್ತಾರೆ. ಕರಿದ ಮೀನು, ಜೋಳದ ರೊಟ್ಟಿ, ಸಕ್ಕರೆ ಸುರಿದ ತಣ್ಣನೆಯ ಚಹಾ. ಊಟವಾದ ಮೇಲೆ ಕೋಚ್ ಎದ್ದು ನಿಂತು ನಾಲ್ಕು ಮಾತಾಡಬೇಕು. ಹಿಂದಿನ ಕೋಚ್ ನಗಿಸಿ ನಗಿಸಿ ಜನರ ಹೊಟ್ಟೆ ಹುಣ್ಣಾಗಿಸುತ್ತಿದ್ದರಂತೆ. ಇವರು ಎದ್ದರೆ ಕುರ್ಚಿಯ ಬೆನ್ನು ಹಿಡಿದೇ ನಿಲ್ಲುತ್ತಾರೆ, ಯಾವಾಗ ಕೂತೇನು ಅನ್ನುವ ಹಾಗೆ.

ಆ ಸೋಮವಾರವೂ ನಮ್ಮೂರಿನ ರೇಡಿಯೋದ ಡೂಯಿ ಹ್ಯಾಚರ್ ಮೊದಲು ಕೈಯೆತ್ತಿದ.

"ಕೋಚ್, ಮಲಕಾಯ್ ಹೇಗಿದ್ದಾನೆ? ಮೊನ್ನೆ ಆಟದ ಕೊನೆಗೆ ಸ್ವಲ್ಪ ಬಗ್ಗಿ ನಡೀತಿದ್ದ."

"ಚೆನ್ನಾಗಿ ಓದ್ಕೊಳ್ತಿದ್ದಾನೆ."

"ಓದಿನ ವಿಷಯ ಅಲ್ಲ ಕೋಚ್. ಮೈ ಹೇಗಿದೆ?"

"ಮೈ ಮೇಲೆ ಬಟ್ಟೆ ಇದೆ."

ಜನ ನಕ್ಕರು. ಡೂಯಿಯೂ ನಕ್ಕ, ಆದರೆ ಬಿಡಲಿಲ್ಲ. "ಹೋಗ್ಲಿ, ಶನಿವಾರ ಹಾರ್ಮನಿಯಲ್ಲಿ ಮಳೆ ಬರುತ್ತಾ, ಅದನ್ನಾದ್ರೂ ಹೇಳಿ."

"ಬಂದ್ರೆ ನೆನೀತೀವಿ, ಡೂಯಿ."

"ನೋಡಿದ್ರಾ ಸ್ವಾಮಿ? ಇವರ ಬಾಯಿಂದ ಸುದ್ದಿ ತೆಗೆಯೋದಕ್ಕಿಂತ ಕೋಣದಿಂದ ಹಾಲು ಕರೆಯೋದು ಸುಲಭ!" ಅಂತ ಅವನು ಎಲ್ಲರ ಕಡೆ ತಿರುಗಿ ಅಂದ. ಕೋಚ್ ಕೂತು ತಮ್ಮ ಮೀನಿನ ಮುಳ್ಳು ತೆಗೆಯತೊಡಗಿದರು.

ಊರಿನ ಕೆಲವರು ಇದನ್ನು ಸೊಕ್ಕು ಅನ್ನುತ್ತಿದ್ದರು. ನನಗೆ ಹಾಗನ್ನಿಸಿರಲಿಲ್ಲ. ಬಸ್ಸಿನಲ್ಲಿ ಅವರು ನನ್ನ ಹಿಂದಿನ ಸೀಟಿನಲ್ಲೇ ಕೂರುತ್ತಾರೆ. ಒಮ್ಮೆ ನಾನೇ ಕೇಳಿದ್ದೆ, ಆ ವರದಿಗಾರರು ಅಷ್ಟು ಕೆಟ್ಟವರಾ ಕೋಚ್ ಅಂತ.

"ಕೆಟ್ಟವರಲ್ಲ, ಬ್ರದರ್ ಲೂಥರ್. ನಾನು ಹೇಳಿದ್ದನ್ನ ಹೇಳಿದ ಹಾಗೇ ಬರೀತಾರೆ. ಅದೇ ಕಷ್ಟ."

ಸ್ವಲ್ಪ ದೂರ ಹೋದ ಮೇಲೆ ತಾವಾಗಿಯೇ ಮುಂದುವರಿಸಿದರು. "ನಮ್ಮ ಪತ್ರಿಕೆಯನ್ನ ನಮ್ಮೂರಿನವರಿಗಿಂತ ಮೊದಲು ಓದೋದು ಎದುರಾಳಿ ತಂಡದವರು. ಅದಕ್ಕಂತಲೇ ಅವರಲ್ಲಿ ಜನ ಇದ್ದಾರೆ. ನಮ್ಮಲ್ಲೂ ಇದ್ದಾರೆ ಅನ್ನಿ. ಹುಡುಗನ ಮೊಣಕಾಲು ನೋಯ್ತಿದೆ ಅಂತ ನಾನು ಸೋಮವಾರ ಅಂದ್ರೆ, ಶನಿವಾರ ಹನ್ನೊಂದು ಜನ ಆ ಮೊಣಕಾಲನ್ನೇ ಹುಡುಕ್ಕೊಂಡು ಬರ್ತಾರೆ. ನಾನು ಬಾಯಿ ಬಿಟ್ಟಿದ್ದಕ್ಕೆ ಅವನು ಯಾಕೆ ಕುಂಟಬೇಕು?"

ಹೀಗಂದವರಿಗೆ ಆ ವಾರ ಭಾರವೊಂದು ಬಂದು ಕೂತಿತ್ತು. ಮಲಕಾಯ್‌ಗೆ ಎಡಗಡೆಯ ಕೆಳಗಿನ ಪಕ್ಕೆಲುಬು ಜಜ್ಜಿಹೋಗಿತ್ತು. ಮುರಿದಿಲ್ಲ, ಪಟ್ಟಿ ಬಿಗಿದು ಆಡಿಸಬಹುದು ಅಂತ ತಂಡದ ವೈದ್ಯರು ಅಂದಿದ್ದರು. ಹುಡುಗನಿಗೆ ಅದು ಕೊನೆಯ ವರ್ಷ. ದೊಡ್ಡ ತಂಡಗಳಿಗೆ ಆಟಗಾರರನ್ನು ಆರಿಸುವವರು ಹಾರ್ಮನಿಗೆ ಬರುವವರಿದ್ದರು. "ಆಡ್ತೀನಿ ಕೋಚ್, ಆಡ್ತೀನಿ, ನೋವೇ ಇಲ್ಲ ನೋಡಿ" ಅಂತ ಅವನು ಬಸ್ಸು ನಿಲ್ಲಿಸುವ ಶೆಡ್ಡಿನಲ್ಲೇ ಕುಣಿದು ತೋರಿಸಿದ್ದ. ಕುಣಿದಾದ ಮೇಲೆ ಬಸ್ಸಿನ ಮರೆಗೆ ಹೋಗಿ ಹಲ್ಲು ಕಚ್ಚಿ ನಿಂತಿದ್ದನ್ನು ನಾವಿಬ್ಬರೂ ಕಂಡೆವು. ಆಡಿಸಬೇಕೋ ಬೇಡವೋ? ಆ ಪ್ರಶ್ನೆ ಕೋಚ್‌ರ ಮುಖದ ಮೇಲೆ ಬರೆದ ಹಾಗಿತ್ತು.

ಬುಧವಾರ ಸಂಜೆ ಚರ್ಚಿನಲ್ಲಿ ಪ್ರಾರ್ಥನಾ ಕೂಟ. ಅಲ್ಲಿ ನಾವೆಲ್ಲ ಒಬ್ಬರಿಗೊಬ್ಬರು ಬ್ರದರ್, ಸಿಸ್ಟರ್. ನಾನು ಹುಟ್ಟಿದಾಗಿನಿಂದ ಆ ಸಂಜೆಗಳನ್ನು ತಪ್ಪಿಸಿದವನಲ್ಲ. ಓದು ಬಾರದ ನನ್ನ ಅಜ್ಜ ಸ್ತುತಿಪದಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದರು. ಅವರು ಹೇಳುವುದು, ನಾವು ಕೇಳುವುದು. ಕೇಳುವುದೂ ಒಂದು ಪ್ರಾರ್ಥನೆಯೇ ಎಂದು ನಾನು ಕಲಿತದ್ದು ಅಲ್ಲಿ. ನಮ್ಮ ಕೂಟದಲ್ಲಿ ಒಬ್ಬೊಬ್ಬರೇ ಎದ್ದು ತಮ್ಮ ಕೋರಿಕೆ ಹೇಳಬೇಕು. ಮನೆಯವರಿಗೆ ಹುಷಾರಿಲ್ಲ ಅಂದರೆ ಪಾಸ್ಟರ್ ಗೇನ್ಸ್ ಒಪ್ಪುವುದಿಲ್ಲ. "ಯಾರಿಗೆ? ಎಲ್ಲಿ ನೋವು? ಬಿಡಿಸಿ ಹೇಳಿ. ದೇವರಿಗೆ ಗೊತ್ತು, ನಮಗೆ ಗೊತ್ತಾಗ್ಲಿ" ಅನ್ನುತ್ತಾರೆ. ಆಮೇಲೆ ಪ್ರತಿಯೊಬ್ಬರೂ ಒಂದು ಹೆಸರನ್ನು ತಮ್ಮ ಪಾಲಿಗೆ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ವಾರವಿಡೀ ಆ ಹೆಸರು ಅವರ ಹೊಣೆ.

ಕೋಚ್ ಯಾವತ್ತೂ ಕೊನೆಯ ಬೆಂಚಿನಲ್ಲಿ ಕೂತು ಕೇಳಿ ಹೋಗುವವರು. ಆ ಸಂಜೆ ಎದ್ದು ನಿಂತರು.

"ನಮ್ಮ ಮಲಕಾಯ್‌ಗೋಸ್ಕರ ಕೇಳ್ಕೊಳ್ಳಿ," ಅಂದರು. "ಎಡಗಡೆ, ಕೆಳಗಿನ ಪಕ್ಕೆಲುಬು. ಉಸಿರು ಎಳೆದಾಗ ನೋಯುತ್ತೆ. ಆಡಿಸಬೇಕೋ ಬಿಡಬೇಕೋ ನನಗೆ ತಿಳೀತಿಲ್ಲ. ನನಗೂ ಸ್ವಲ್ಪ ಬುದ್ಧಿ ಕೊಡು ಅಂತ ಕೇಳ್ಕೊಳ್ಳಿ." ಹುಡುಗನನ್ನು ಸಾಕಿದ ಅಜ್ಜಿ ಮಿಸ್ ಅರ್ಲೀನ್ ಮುಂದಿನ ಸಾಲಿನಿಂದ ಎದ್ದು ಬಂದು ಅವರ ಭುಜ ಹಿಡಿದುಕೊಂಡರು. ನಾವೆಲ್ಲ ಸುತ್ತ ನಿಂತು ಅವರ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆವು. ಮಲಕಾಯ್ ಹೆಸರು ಸಿಸ್ಟರ್ ಓಪಲ್ ಪಾಲಿಗೆ ಬಂತು. ಅವರು ಕಣ್ಣೊರೆಸಿಕೊಳ್ಳುತ್ತ, "ಇವನನ್ನ ನನಗೆ ಬಿಡಿ ಕೋಚ್" ಅಂದರು. ಹೊರಗೆ ಬಂದಾಗ ಕೋಚ್‌ರ ನಡಿಗೆ ಹಗುರವಾಗಿತ್ತು. ಮಾತಾಡುವುದು ಮನುಷ್ಯನಿಗೆ ಎಷ್ಟು ಬೇಕಾಗಿರುತ್ತದೆ ಅಂದುಕೊಂಡೆ ನಾನು.

ಶನಿವಾರ ಆಡಿಸುವುದೆಂದೇ ಆಯಿತು. ಮಲಕಾಯ್‌ಗೆ ಎರಡೂ ಪಕ್ಕಕ್ಕೆ ಒಂದೇ ಸಮ ಪೆಟ್ಟು ತಡೆಯುವ ಮೆತ್ತೆ ಬಿಗಿದರು, ಯಾವ ಕಡೆ ಅಂತ ತಿಳಿಯದಿರಲಿ ಅಂತ. ಸಾಲದ್ದಕ್ಕೆ ನೋವಿಲ್ಲದ ಬಲಗಾಲಿನ ಹರಡಿಗೆ ಬಿಳಿ ಪಟ್ಟಿ ಎದ್ದು ಕಾಣುವ ಹಾಗೆ ಸುತ್ತಿದರು. ನೋಡುವವನು ಕಾಲು ನೋಡಲಿ, ಪಕ್ಕೆ ಬಿಡಲಿ. ಕೋಚ್‌ರದು ಹಳೆಯ ಉಪಾಯ. "ಕುಂಟ್ಲಾ ಕೋಚ್?" ಅಂತ ಮಲಕಾಯ್ ಕೇಳಿದ. "ಸ್ವಲ್ಪ ಕುಂಟು. ನಾಟಕ ಜಾಸ್ತಿ ಮಾಡ್ಬೇಡ" ಅಂದರು. ಎಲ್ಲರೂ ನಕ್ಕೆವು. ಅದೇ ಆ ದಿನದ ಕೊನೆಯ ನಗು.

ಹಾರ್ಮನಿಯ ಹುಡುಗರು ಆ ಬಿಳಿ ಪಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ.

ಮೊದಲ ಚೆಂಡಿಗೆ ಎರಡೂ ಸಾಲುಗಳು ಎದುರುಬದುರು ಬಗ್ಗಿ ನಿಂತಾಗ, ಅವರ ಒಬ್ಬ ಧಡಿಯ ಮಲಕಾಯ್‌ನನ್ನೇ ನೋಡುತ್ತ ತನ್ನ ಎಡಪಕ್ಕೆಯನ್ನು ಅಂಗೈಯಿಂದ ಮೆಲ್ಲಗೆ ತಟ್ಟಿಕೊಂಡ. ತಟ್ಟಿಕೊಂಡು ನಕ್ಕ. ನನ್ನ ಕೈಯಲ್ಲಿದ್ದ ನೀರಿನ ಲೋಟ ಹಾಗೇ ನಿಂತಿತು. ಕೋಚ್ ನನ್ನ ಕಡೆ ನೋಡಿದರು, ಅವರೂ ಕಂಡಿದ್ದರು. ಕಣ್ಣಿಗೆ ಬಿದ್ದದ್ದನ್ನು ನಂಬಲು ಇಬ್ಬರಿಗೂ ಧೈರ್ಯವಿರಲಿಲ್ಲ.

ಆ ಧಡಿಯ ಎಡದಿಂದಲೇ ಬಂದ. ಮತ್ತೊಮ್ಮೆಯೂ ಎಡದಿಂದಲೇ. ಚೆಂಡು ಕೈಬಿಟ್ಟು ಹೋದ ಮೇಲೂ ಭುಜವನ್ನು ಪಕ್ಕೆಗೆ ಊರಿ ಕೆಡವಿದ. ಕೋಚ್ ಕೂಗಿ ಕರೆದರು, ಬದಲಿ ಹುಡುಗನನ್ನು ದಬ್ಬಿ ಕಳಿಸಿದರು. ಮಲಕಾಯ್ ಕಾಣದವನಂತೆ ಬೆನ್ನು ತಿರುಗಿಸಿ ಕೈಬೀಸಿ ಅವನನ್ನು ಹಿಂದಕ್ಕೆ ಅಟ್ಟಿಬಿಟ್ಟ. "ಮಲಕಾಯ್! ಬಾ ಅಂದ್ನಲ್ಲೋ! ಬಾರೋ ಈಚೆ!" ಕೋಚ್ ಗಂಟಲು ಹರಿಯುವ ಹಾಗೆ ಅರಚಿದರು. ಆಗಲೇ ಚೆಂಡು ಎದ್ದಿತ್ತು. ಈ ಸಲ ಇಬ್ಬರು ಬಂದರು. ಒಣಗಿದ ಸೌದೆ ಕಾಲಿನಡಿ ಮುರಿದಂಥ ಸದ್ದು ಗೆರೆಯಾಚೆ ನಿಂತ ನಮಗೂ ಕೇಳಿಸಿತು.

ಆಂಬುಲೆನ್ಸು ಹೊರಟ ಕೂಡಲೆ ಕೋಚ್ ನೇರವಾಗಿ ಡೂಯಿ ಹ್ಯಾಚರ್ ಬಳಿಗೆ ಹೋಗಿ ಅವನ ಕೊರಳಪಟ್ಟಿ ಹಿಡಿದರು.

"ಎಲ್ಲಿಂದ ತಿಳ್ಕೊಂಡೆ? ಯಾರಿಗೆ ಹೇಳ್ದೆ?"

ಡೂಯಿಯ ಮುಖ ಬಿಳುಚಿತ್ತು. "ನನಗೇನೂ ಗೊತ್ತಿಲ್ಲ ಕೋಚ್! ದೇವರಾಣೆ! ನಾನೂ ಕಾಲು ಅಂತಲೇ ಹೇಳ್ತಾ ಇದ್ದೆ ರೇಡಿಯೋದಲ್ಲಿ. ನೀವು ನನಗೆ ಏನಾದ್ರೂ ಹೇಳಿದ್ದಿದ್ರೆ ತಾನೇ ನಾನು ಇನ್ನೊಬ್ಬರಿಗೆ ಹೇಳೋದು?"

ಕೋಚ್ ಕೈ ಬಿಟ್ಟರು. ಅವನ ಮಾತು ನಿಜವಾಗಿತ್ತು.

ಹಾರ್ಮನಿಯ ಆಸ್ಪತ್ರೆ ಚಿಕ್ಕದು. ಬಾಗಿಲ ಹೊರಗೆ ಸಂಜೆಯ ಬಿಸಿಲು ಇನ್ನೂ ಇತ್ತು. ಪಕ್ಕೆಲುಬು ಮುರಿದು ಒಳಗಿನ ಗುಲ್ಮ, ಅಂದರೆ ಸ್ಪ್ಲೀನ್, ಹರಿದಿದೆ, ರಕ್ತ ನಿಲ್ಲುತ್ತಿಲ್ಲ, ಹೊಟ್ಟೆ ತೆರೆಯಬೇಕು ಅಂತ ವೈದ್ಯೆಯೊಬ್ಬರು ಬಂದು ಹೇಳಿ ಓಡಿದರು. ಮೊಮ್ಮಗನ ಆಟಕ್ಕೆಂದು ಬಂದಿದ್ದ ಮಿಸ್ ಅರ್ಲೀನ್ ಕುರ್ಚಿಯಲ್ಲಿ ಕೂತು ತುಟಿ ಅಲುಗಿಸುತ್ತಿದ್ದರು. ಕೋಚ್ ಗೋಡೆಗೆ ಹಣೆ ಒತ್ತಿ ನಿಂತಿದ್ದರು.

ಅಷ್ಟರಲ್ಲಿ ಸಿಸ್ಟರ್ ಓಪಲ್ ಬಂದರು. ಆಟ ನೋಡಲು ಅವರು ಹಿಂದಿನ ದಿನವೇ ಹಾರ್ಮನಿಗೆ, ತಂಗಿಯ ಮನೆಗೆ ಬಂದಿದ್ದರಂತೆ. ಜೊತೆಯಲ್ಲಿ ಆ ತಂಗಿ ಪರ್ಲ್, ಕೈಯಲ್ಲಿ ಬಟ್ಟೆ ಮುಚ್ಚಿದ ಕೋಳಿಯ ತಟ್ಟೆ. ಪರ್ಲ್ ನೇರ ಅಜ್ಜಿಯ ಬಳಿ ಹೋಗಿ ಮಂಡಿಯೂರಿ ಕೈ ಹಿಡಿದಳು.

"ಅಮ್ಮಾ, ಧೈರ್ಯವಾಗಿರಿ. ಈ ಊರು ನಿಮ್ಮ ಹುಡುಗನನ್ನ ಬಿಟ್ಟುಹಾಕಿಲ್ಲ. ಬುಧವಾರ ಅಕ್ಕ ಫೋನ್ ಮಾಡಿ ಅತ್ತುಬಿಟ್ಲು. ನಾನು ಗುರುವಾರ ಬೆಳಿಗ್ಗೆನೇ ನಮ್ಮ ರೇಡಿಯೋಗೆ ಹೇಳ್ದೆ. ನಮ್ಮಲ್ಲಿ ಬೆಳಗ್ಗಿನ ಪ್ರಾರ್ಥನೆಯಲ್ಲಿ ಕಾಯಿಲೆಯವರ ಹೆಸರು ಹೇಳ್ತಾರಲ್ಲ, ಅದರಲ್ಲಿ. ಎದುರಾಳಿ ಹುಡುಗ ಆದ್ರೇನು, ದೇವರಿಗೆ ಎಲ್ಲ ಒಂದೇ ಅಂತ ರೇಡಿಯೋದಲ್ಲಿ ಓದೋ ಹುಡುಗ ಎಷ್ಟು ಚೆನ್ನಾಗಿ ಹೇಳಿದ ಗೊತ್ತಾ! ಪೆಲ್ ಕ್ರೀಕಿನ ಮಲಕಾಯ್ ಬೂನ್, ಎಡಗಡೆ ಕೆಳಗಿನ ಪಕ್ಕೆಲುಬು, ಉಸಿರು ಎಳೆದಾಗ ನೋವು. ಇಡೀ ಹಾರ್ಮನಿ ಇವನಿಗಾಗಿ ಕೇಳ್ಕೊಂಡಿದೆ ಅಮ್ಮಾ."

ಕೋಚ್ ಗೋಡೆಯಿಂದ ಹಣೆ ತೆಗೆದು ತಿರುಗಿದರು. ಪರ್ಲ್‌ಳ ಮುಖದಲ್ಲಿ ಬರಿಯ ಅಕ್ಕರೆಯಿತ್ತು. ಹುಡುಕಿದರೂ ಬೇರೇನೂ ಸಿಗುತ್ತಿರಲಿಲ್ಲ. ಮೊದಲು ಅರ್ಥವಾದದ್ದು ಸಿಸ್ಟರ್ ಓಪಲ್‌ಗೆ. ಅವರ ಕೈ ತಾನಾಗಿ ಬಾಯಿಗೆ ಹೋಯಿತು.

"ರೇಡಿಯೋದಲ್ಲಾ?" ಅಂದರು. "ಪರ್ಲ್, ರೇಡಿಯೋದಲ್ಲಾ ಹೇಳ್ದೆ?"

"ಯಾಕಕ್ಕಾ? ಜಾಸ್ತಿ ಜನ ಕೇಳ್ಲಿ ಅಂತ..." ಪರ್ಲ್ ಎಲ್ಲರ ಮುಖಗಳನ್ನೂ ನೋಡಿದಳು. ನೋಡುತ್ತ ನೋಡುತ್ತ ಅವಳಿಗೂ ತಿಳಿಯಿತು. ತಟ್ಟೆಯ ಮೇಲಿನ ಬಟ್ಟೆ ಜಾರಿ ಬಿತ್ತು, ಎತ್ತಲಿಲ್ಲ.

"ಕೋಚ್, ನಾನು ಒಳ್ಳೇದಕ್ಕೇ..." ಓಪಲ್ ಕೋಚ್‌ರ ತೋಳು ಹಿಡಿದರು.

"ಗೊತ್ತು ಸಿಸ್ಟರ್," ಅಂದರು ಕೋಚ್. "ಬಾಯಿ ಬಿಟ್ಟವನು ನಾನು."

ಆ ಮಾತನ್ನು ಅವರು ಅಂದ ರೀತಿಗೆ ನನಗೆ ನೆಲ ನೋಡುವಂತಾಯಿತು. ಯಾರಿಗೂ ಬಾಯಿ ಬಿಡದ ಮನುಷ್ಯ ಒಂದೇ ಒಂದು ಕಡೆ ಬಾಯಿ ಬಿಟ್ಟಿದ್ದರು. ಅದು ನಮ್ಮ ಮನೆ, ನಮ್ಮ ದೇವರ ಮನೆ. ಅಲ್ಲಿಂದ ಹೊರಟ ಮಾತು ಪ್ರೀತಿಯಿಂದ ಪ್ರೀತಿಗೆ ದಾಟುತ್ತ, ಯಾರೂ ಸುಳ್ಳು ಹೇಳದೆ, ಯಾರೂ ಕೇಡು ಬಗೆಯದೆ, ಆ ಧಡಿಯನ ಕಿವಿಗೆ ಹೋಗಿ ಮುಟ್ಟಿತ್ತು.

ಬಾಗಿಲ ಹೊರಗೆ ಗದ್ದಲವಾಯಿತು. ಟೀವಿಯವರ ಗಾಡಿಗಳು ಬಂದಿದ್ದವು. ಡೂಯಿ ಟೋಪಿ ಕೈಯಲ್ಲಿ ಹಿಡಿದು ಒಳಗೆ ಬಂದ. ಅವನ ದನಿಯಲ್ಲಿ ಹಾಸ್ಯದ ಸುಳಿವಿರಲಿಲ್ಲ.

"ಕೋಚ್, ಜನ ಫೋನ್ ಮೇಲೆ ಫೋನ್ ಮಾಡ್ತಿದ್ದಾರೆ. ಏನಾಗಿದೆ ಅಂತ ಕೇಳ್ತಿದ್ದಾರೆ. ಒಂದೆರಡು ಮಾತು. ನಾನು ಪ್ರಶ್ನೆ ಕೇಳಲ್ಲ, ಮಾತು ಕೊಡ್ತೀನಿ."

ಕೋಚ್ ಮತ್ತೆ ಗೋಡೆಯ ಕಡೆ ತಿರುಗಿದರು. ಆಗ ಮಿಸ್ ಅರ್ಲೀನ್ ಕುರ್ಚಿಯ ಕೈ ಒತ್ತಿ ಎದ್ದರು. ಹುಡುಗ ಕಾಲೇಜು ಸೇರಿದಂದಿನಿಂದ ಅವರು ಇವರನ್ನು ಕೋಚ್ ಎಂದಲ್ಲದೆ ಬೇರೆ ಹೆಸರಿನಿಂದ ಕರೆದವರಲ್ಲ.

"ವರ್ನನ್," ಅಂದರು. "ಮಗನೇ, ಹೋಗು. ಹೋಗಿ ಹೇಳು. ನನ್ನ ಮಾತು ಯಾರು ಕೇಳ್ತಾರೆ? ನೀನು ಹೇಳಿದ್ರೆ ರಾಜ್ಯಕ್ಕೆ ರಾಜ್ಯವೇ ಮಂಡಿ ಊರುತ್ತೆ. ಏನಾಗಿದೆ, ಎಲ್ಲಿ ಹರಿದಿದೆ, ಎಲ್ಲ ಬಿಡಿಸಿ ಹೇಳು. ಆ ಕೂಸು ಒಳಗೆ ಒಂದೊಂದೇ ಉಸಿರು ಎಣಿಸ್ತಿದೆ. ನಾನು ನಿನ್ನ ಯಾವತ್ತೂ ಏನೂ ಕೇಳಿದವಳಲ್ಲ. ಇದೊಂದು ಮಾಡು."

ಕೋಚ್ ಅವರ ಎರಡೂ ಕೈಗಳನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು. ಕಣ್ಣಿಂದ ನೀರು ಇಳಿದು ಗದ್ದಕ್ಕೆ ಬಂದರೂ ಒರೆಸಿಕೊಳ್ಳಲಿಲ್ಲ. ಬಾಗಿಲ ಗಾಜಿನಾಚೆ ಕ್ಯಾಮೆರಾದ ಬೆಳಕು ಹತ್ತಿತು.

"ಪ್ರಾರ್ಥನೆ ಮಾಡ್ತೀನಿ, ಮಿಸ್ ಅರ್ಲೀನ್. ಇಲ್ಲೇ, ನಿಮ್ಮ ಪಕ್ಕದಲ್ಲೇ ಕೂತು ಮಾಡ್ತೀನಿ," ಅಂದರು. "ಹೇಳೋದು ಮಾತ್ರ ಆಗಲ್ಲ. ಆ ಹುಡುಗನ ಮೈ ಬಗ್ಗೆ ಇನ್ನು ಯಾರ ಹತ್ತಿರವೂ ನಾನು ಒಂದು ಮಾತೂ ಹೇಳಲ್ಲ."