ಔರಾದಿಗೆ ಹೋಗದ ಟ್ರ್ಯಾಕ್ಟರ್

ಭಾಲ್ಕಿ ಸುತ್ತಮುತ್ತ ಪೆಟ್ರೋಲ್ ಟ್ರ್ಯಾಕ್ಟರ್ ಉಳಿದಿರುವುದು ಭಾತಂಬ್ರಾದ ಗೋರಖನಾಥನ ಮನೆಯಲ್ಲಿ ಮಾತ್ರ. ಅವನ ಅಪ್ಪನ ಕಾಲದ ಆ ಡಬ್ಬಾ ಗಾಡಿ ರಿಪೇರಿ ಮಾಡುವ ನನ್ನಂಥ ಮೇಸ್ತ್ರಿಯ ಜೀವ ಹಿಂಡಲೆಂದೇ ಹುಟ್ಟಿದ್ದು. ಮಾರಿಬಿಡು ಎಂದರೆ ನಗುತ್ತಿದ್ದ. ಈಗ ಅವನೇ ಇಲ್ಲ. ಬಸ್ಸಿನಲ್ಲಿ ಬೀದರಿಗೆ ಹೋದವನಿಗೆ ಎದೆನೋವು ಬಂತು, ಆಸ್ಪತ್ರೆಯಲ್ಲಿ ತೀರಿಕೊಂಡ, ಅಂತ್ಯಕ್ರಿಯೆಯೂ ಅಲ್ಲೇ ಆಯಿತು.

ಅವನ ತಾಯಿಗೆ ಯಾರೂ ಹೇಳಿಲ್ಲ. ಕಣ್ಣು ಕಾಣದೆ ಹಾಸಿಗೆ ಹಿಡಿದ ಆಯಿ ತಡೆದುಕೊಳ್ಳುವುದಿಲ್ಲ ಎಂದು ಎಲ್ಲರೂ ಸೇರಿ ಒಂದು ಸುಳ್ಳು ಕಟ್ಟಿದರು. ಟ್ರ್ಯಾಕ್ಟರ್ ತೆಗೆದುಕೊಂಡು ತಂಗಿಯ ಹೊಲ ಉಳಲು ಔರಾದಿಗೆ ಹೋಗಿದ್ದಾನಂತೆ. ಮನೆಯಲ್ಲಿ ಯಾರೂ ಅಳಕೂಡದಂತೆ. ಅವನ ಹೆಂಡತಿ ಕೌಸಲ್ಯಾ ವೈನಿ ಅಂದಿನಿಂದ ಸೆರಗನ್ನು ಬಾಯಿಗೆ ಒತ್ತಿಕೊಂಡೇ ದಿನ ದೂಡುತ್ತಿದ್ದರು. ಈ ನಾಟಕ ನನಗೆ ಮೊದಲಿನಿಂದಲೂ ಸರಿ ಕಾಣಲಿಲ್ಲ, ಆದರೆ ಹೇಳಲು ನಾನು ಯಾರು?

ಆಯಿ ಊಟ ಬಿಟ್ಟ ಮೇಲೆ ವೈನಿ ಫೋನ್ ಮಾಡಿದರು. ಟ್ರ್ಯಾಕ್ಟರಿನ ಸಪ್ಪಳ ಒಮ್ಮೆ ಕೇಳಿಸಿದರೆ, ಮಗ ಬಂದು ಹೋದನೆಂದು ಹೇಳಿ ಎರಡು ತುತ್ತು ಉಣಿಸಬಹುದು ಎಂಬುದು ಅವರ ಆಸೆ.

ಹಿತ್ತಲ ತಗಡಿನ ಶೆಡ್ಡಿನಲ್ಲಿ ಕೀಲಿ ತಿರುಗಿಸಿದೆ. ಟಿಕ್ ಎಂದು ಸುಮ್ಮನಾಯಿತು. ಬ್ಯಾಟರಿಯ ತುದಿಗೆ ಬಿಳಿ ಉಪ್ಪು ಕಟ್ಟಿತ್ತು. ಬಿಸಿನೀರು ಹಾಕಿ ಉಜ್ಜಿ ವೈರು ಬಿಗಿದೆ. ಸ್ಟಾರ್ಟರ್ ಗರಗರ ತಿರುಗಿತು, ಇಂಜಿನ್ ಹಿಡಿಯಲಿಲ್ಲ. ಪ್ಲಗ್ ಬಿಚ್ಚಿ ಇಂಜಿನ್ನಿಗೆ ತಾಗಿಸಿ ನೋಡಿದರೆ ಕಿಡಿಯೇ ಇಲ್ಲ. ಬೈಯುತ್ತಲೇ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದೆ. ಒಳಗೆ ರೋಟರ್ ಇರಲಿಲ್ಲ. ಹೆಬ್ಬೆರಳಿನಷ್ಟು ಕರೀ ತುಂಡು, ಪ್ಲಗ್ಗುಗಳಿಗೆ ಕರೆಂಟು ಹಂಚುವುದೇ ಅದು. ಕಳ್ಳರು ಗಾಡಿ ಒಯ್ಯಬಾರದೆಂದು ಗೋರಖನಾಥ ದಿನಾ ಸಂಜೆ ಅದನ್ನು ಕಿತ್ತಿಡುತ್ತಿದ್ದ. ಈ ಡಬ್ಬಾ ಯಾರು ಕದೀತಾರೋ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಎಲ್ಲಿಡುತ್ತಿದ್ದ ಎಂಬುದು ವೈನಿಗೂ ಗೊತ್ತಿರಲಿಲ್ಲ. ಅವನ ಅಂಗಿಗಳ ಜೇಬು ತಡಕುತ್ತ, ಒಂದು ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ನಿಂತುಬಿಟ್ಟರು. ನನಗೆ ನೋಡಲಾಗಲಿಲ್ಲ.

ಅಷ್ಟರಲ್ಲಿ ಆಯಿ ಒಳಗಿನಿಂದ ‘ಖಾಲಿದ’ ಎಂದು ನನ್ನ ಹೆಸರು ಹಿಡಿದು ಕರೆದಳು. ಇಬ್ಬರೂ ಹೋದೆವು. ದಿಂಬಿನ ಕೆಳಗೆ ಕೈಹಾಕಿ ಒಂದು ಬಟ್ಟೆಯ ಗಂಟು ತೆಗೆದು ನನ್ನ ಅಂಗೈಯಲ್ಲಿಟ್ಟಳು. ಬಿಚ್ಚಿದರೆ ರೋಟರ್.

"ದಿನಾ ಸಂಜಿಗಿ ನನ್ನ ಕೈಯಾಗ ಕೊಡ್ತಿದ್ದ, ಖಾಲಿದ. ಮುಂಜಾನಿ ಕೇಳಿ ಒಯ್ತಿದ್ದ. ಇದು ನನ್ನ ಹತ್ರನೇ ಅದ. ಟ್ರ್ಯಾಕ್ಟರ್ ಔರಾದಿಗಿ ಹ್ಯಾಂಗ ಹೋಯ್ತಪಾ?"

ನಾವು ಸುಳ್ಳು ಹೇಳಿದ ದಿನವೇ ಅವಳಿಗೆ ಎಲ್ಲ ತಿಳಿದಿತ್ತು. ಆಯಿ ಸೊಸೆಗಾಗಿ ಗಾಳಿಯಲ್ಲಿ ಕೈ ಚಾಚಿದಳು.

"ನಾ ತಡಕೊಳ್ಳೂದಿಲ್ಲಂತ ನೀ ಅಳಲಿಲ್ಲ. ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದ್ದು ಹ್ಯಾಂಗ ಒಡೀಲಿ ಅಂತ ನಾ ಸುಮ್ಮನಿದ್ದೆ." ಆಮೇಲೆ ನನ್ನ ಕಡೆ ತಿರುಗಿದಳು. "ಹೋಗು, ಚಾಲೂ ಮಾಡು. ಅವನ ಸಪ್ಪಳ ಕೇಳ್ಕೋತ ಇಬ್ಬರೂ ಅಳ್ತೀವಿ."

ರೋಟರ್, ಪ್ಲಗ್ ಕೂಡಿಸಿ ಕೀಲಿ ತಿರುಗಿಸಿದೆ. ಆ ಹಾಳು ಟ್ರ್ಯಾಕ್ಟರ್ ಒಂದೇ ಸಲಕ್ಕೆ ಚಾಲೂ ಆಯಿತು. ಅದರ ಸಪ್ಪಳವನ್ನೂ ಮೀರಿ ಒಳಗಿನ ಅಳು ಕೇಳಿಸಿತು. ಟ್ಯಾಂಕಿನ ಪೆಟ್ರೋಲ್ ತೀರುವವರೆಗೂ ನಾನು ಬಂದ್ ಮಾಡಲಿಲ್ಲ.