ಎರಡು ಪಾಲಾದ ಗರಗಸ

ನಮ್ಮ ಮಾವ ತಮ್ಮ ಇಬ್ಬರು ಮಕ್ಕಳಿಗೆ ಮರ ಕೊಯ್ಯುವ ಮಷಿನ್ನು ಹಂಚಿದ ಕಥೆಯನ್ನು ಯಾರಿಗೆ ಹೇಳಿದರೂ ಮೊದಲು ನಂಬುವುದಿಲ್ಲ, ಆಮೇಲೆ ನಗುತ್ತಾರೆ. ಯಾಕೆಂದರೆ ಇದ್ದದ್ದು ಒಂದೇ ಮಷಿನ್ನು. ಅಂಗಳದ ಕಲ್ಲಿನ ಮೇಲೆ ಅದನ್ನಿಟ್ಟು, ಸ್ಪ್ಯಾನರ್ ತಂದು, ನಟ್ಟು ಬಿಚ್ಚಿ ಎರಡು ಭಾಗ ಮಾಡಿದರು. ದೊಡ್ಡ ಮಗನಿಗೆ, ಅಂದರೆ ನಮ್ಮ ಯಜಮಾನರಿಗೆ, ಎಂಜಿನ್ನು. ಚಿಕ್ಕವನಿಗೆ, ಅಂದರೆ ನನ್ನ ಮೈದುನನಿಗೆ, ಉದ್ದನೆಯ ಉಕ್ಕಿನ ಪಟ್ಟಿ ಮತ್ತು ಅದರ ಸುತ್ತ ಓಡುವ ಹಲ್ಲಿನ ಚೈನು.

“ಈಗ ಯಾರು ಹೇಗೆ ಕೊಯ್ತೀರೋ ಕೊಯ್ಕೊಳ್ಳಿ,” ಎಂದು ಕೈ ಒರೆಸಿಕೊಂಡು ಒಳಗೆ ಹೋದರು.

ಅವರಿಗೂ ತಲೆ ಕೆಟ್ಟಿತ್ತು, ಪಾಪ. ಜೀವನಪೂರ್ತಿ ಮರ ಕೊಯ್ದ ಮನುಷ್ಯ ಭುಜ ಸೋತು ಮಷಿನ್ನನ್ನು ಮಕ್ಕಳ ಕೈಗೆ ಕೊಟ್ಟಿದ್ದರು. ನಮ್ಮದು ಬೇಕರಿ, ಒಲೆ ಸೌದೆಯದು. ಎದುರು ಮನೆಯ ಮೈದುನನದು ನೂಲಿಗೆ ಬಣ್ಣ ಹಾಕುವ ಕೆಲಸ. ಅವನ ಹಂಡೆಗಳೂ ಕುದಿಯುವುದು ಸೌದೆಯಲ್ಲೇ. ನಡುವೆ ಒಂದೇ ಅಂಗಳ. ಮಷಿನ್ನು ಈ ಮನೆಯಿಂದ ಆ ಮನೆಗೆ ಓಡಾಡುತ್ತಿತ್ತು, ಅದರ ಹಿಂದೆಯೇ ಜಗಳವೂ ಓಡಾಡುತ್ತಿತ್ತು.

“ಹಲ್ಲೆಲ್ಲ ಮೊಂಡು ಮಾಡಿ ಕಳಿಸ್ತಾನೆ. ಬೆಣ್ಣೆನೂ ಕೊಯ್ಯಲ್ಲ ಇದು,” ಎಂದು ನಮ್ಮವರು.

“ಅಣ್ಣ ಟ್ಯಾಂಕ್ ಒಣಗಿಸಿ ಕಳಿಸ್ತಾನಲ್ಲ, ಅದನ್ನ ಯಾರು ಹೇಳ್ಬೇಕು?” ಎಂದು ಮೈದುನ.

ಇಬ್ಬರು ಹೇಳಿದ್ದೂ ನಿಜವೇ. ಅದೇ ತೊಂದರೆ.

ಪಾಲು ಮಾಡಿದ ಮೇಲೆ, ಸಂಜೆಯೊಳಗೆ ಇಬ್ಬರೂ ತಲೆ ಕೆರೆದುಕೊಂಡು ಒಟ್ಟಿಗೆ ಬರುತ್ತಾರೆ ಎಂದು ಮಾವ ಲೆಕ್ಕ ಹಾಕಿದ್ದರು. ಆದರೆ ಮಕ್ಕಳು ಮೊಂಡುತನದಲ್ಲಿ ತಮ್ಮನ್ನೇ ಹೋಲುತ್ತಾರೆ ಎಂಬುದನ್ನು ಮರೆತಿದ್ದರು. ನಮ್ಮವರು ಬೇರೆ ಪಟ್ಟಿ, ಬೇರೆ ಚೈನು ತಂದರು. ಅದು ನಮ್ಮ ಎಂಜಿನ್ನಿನಲ್ಲಿ ಚೈನು ಓಡಿಸುವ ಗಾಲಿಗೆ ಕೂರಲೇ ಇಲ್ಲ. ಯಾವ ಅಳತೆಯದು ಬೇಕು ಎಂದು ಅಪ್ಪನನ್ನು ಕೇಳಬಹುದಿತ್ತು. ಕೇಳಿದರೆ ಬಿಗುಮಾನ ಎಲ್ಲಿಡುವುದು? ತಂದದ್ದನ್ನು ಮೊಳೆಗೆ ನೇತುಹಾಕಿದರು. ಮೈದುನ ಎಂಜಿನ್ನು ಹುಡುಕಿಕೊಂಡು ಹೋಗಿ, ಬೆಲೆ ಕೇಳಿ, ಬಾಯಿ ಮುಚ್ಚಿಕೊಂಡು ಬಂದ. ಇಬ್ಬರೂ ಕೈಗರಗಸ ಹಿಡಿದರು. ಮಾತು ನಿಂತಿತು.

ಸೌದೆಯ ಚಿಂತೆ ನನಗೆ ಅಷ್ಟಿರಲಿಲ್ಲ, ಹೇಗೋ ಆಗುತ್ತಿತ್ತು. ನನ್ನ ಸಂಕಟವೇ ಬೇರೆ. ಮೊದಲೆಲ್ಲ ಬೆಳಗಾಗುತ್ತಲೇ, ಒಲೆಯಿಂದ ಮೊದಲ ಬ್ರೆಡ್ಡು ಹೊರಬರುವ ಹೊತ್ತಿಗೆ ಮೈದುನ ಹಾಜರಾಗುತ್ತಿದ್ದ. ಒಂದು ದಿನ ನೀಲಿ ಕೈ, ಒಂದು ದಿನ ಕೆಂಪು ಕೈ. ಬಿಸಿ ಬ್ರೆಡ್ಡು ಮುರಿದುಕೊಂಡು ಅಣ್ಣನ ಜೊತೆ ಜಗತ್ತಿನ ಎಲ್ಲ ವಿಷಯಕ್ಕೂ ವಾದ ಮಾಡುತ್ತಿದ್ದ. ಆ ಗಲಾಟೆಯಲ್ಲೇ ನಮ್ಮ ಬೇಕರಿ ಎಚ್ಚರಾಗುತ್ತಿತ್ತು. ಈಗ ಬ್ರೆಡ್ಡಿಗೆ ಹೆಂಡತಿಯನ್ನು ಕಳಿಸುತ್ತಿದ್ದ. ನಮ್ಮವರು ಮೂಕ ಎತ್ತಿನ ಹಾಗೆ ಹಿಟ್ಟು ನಾದುತ್ತಿದ್ದರು. ಮಾತಿಲ್ಲದ ಮನೆ ನನ್ನಂಥವಳಿಗೆ ಹೇಗೆ ಹಿಡಿಸೀತು ಹೇಳಿ!

ಹೀಗಿರುವಾಗ ಒಂದು ದಿನ ಗಾಳಿ ಬೀಸಿ, ಅಂಗಳದ ಮೂಲೆಯ ದೊಡ್ಡ ಮರ ಎರಡು ಮನೆಗಳ ನಡುವೆ ಅಡ್ಡಡ್ಡ ಬಿತ್ತು. ಯಾರಿಗೂ ಏನೂ ಆಗಲಿಲ್ಲ, ಬಿದ್ದದ್ದೆಲ್ಲ ಸೌದೆಯೇ. ಬೆಳಿಗ್ಗೆ ಅಣ್ಣ ಬುಡದಲ್ಲಿ, ತಮ್ಮ ತುದಿಯಲ್ಲಿ, ಬೆನ್ನಿಗೆ ಬೆನ್ನು ಮಾಡಿ ಕೈಗರಗಸ ಎಳೆಯತೊಡಗಿದರು. ಮಧ್ಯಾಹ್ನಕ್ಕೆ ಅಣ್ಣ ಕಾಂಡಕ್ಕೆ ಬೆರಳುದ್ದ ಗಾಯ ಮಾಡಿದ್ದರು. ತಮ್ಮ ಎರಡು ಕೊಂಬೆ ಇಳಿಸಿ ಸೊಂಟ ಹಿಡಿದುಕೊಂಡಿದ್ದ.

ಊಟ ಮುಗಿದ ಮೇಲೆ ವಾರಗಿತ್ತಿ ಸೀರೆ ಎತ್ತಿ ಕಟ್ಟಿಕೊಂಡು ಮರ ಹತ್ತಿ ಇಳಿದು ನಮ್ಮ ಕಡೆ ಬಂದಳು. “ಅಕ್ಕಾ, ಇವರನ್ನ ನಂಬಿಕೊಂಡ್ರೆ ಈ ಮರ ಇಲ್ಲೇ ಬೇರು ಬಿಡುತ್ತೆ. ಎಂಜಿನ್ ನಿಮ್ಮನೇಲಿದೆ, ಚೈನ್ ನಮ್ಮನೇಲಿದೆ. ನಾವೇ ಜೋಡಿಸಿ ಕೊಯ್ದುಬಿಡೋಣ. ನನಗೇನು ಬರಲ್ವಾ?”

ಬರುತ್ತಿತ್ತು. ಮಾವ ನಮ್ಮಿಬ್ಬರಿಗೂ ಕಲಿಸಿದ್ದರು.

“ಕೊಯ್ಯೋದು ದೊಡ್ಡ ಮಾತಲ್ಲ ಕಣೇ,” ಎಂದೆ. “ಮರ ಹೋಗುತ್ತೆ, ಇವರ ಬಾಯಿ ಬಿಡಿಸೋದು ಹೇಗೆ?”

“ಅದಕ್ಕೆ ಯಾವ ಸ್ಪ್ಯಾನರ್ ಇದೆ?”

“ಇದೆ. ಚೈನು ಉಲ್ಟಾ ಹಾಕೋಣ.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಿಮಗೆ ಹೇಳುತ್ತೇನೆ. ಚೈನಿನ ಹಲ್ಲು ಪಟ್ಟಿಯ ಮೇಲ್ಭಾಗದಲ್ಲಿ ಮುಂದಕ್ಕೆ, ಮೂತಿಯ ಕಡೆಗೆ ನೋಡುತ್ತಿರಬೇಕು. ತಿರುಗಿಸಿ ಹಾಕಿದರೆ ಮಷಿನ್ನು ಭೋರ್ಗರೆಯುತ್ತದೆ, ಚೈನು ಓಡುತ್ತದೆ, ಮರಕ್ಕೆ ಮಾತ್ರ ಏನೂ ಆಗುವುದಿಲ್ಲ. ಉಜ್ಜಿ ಉಜ್ಜಿ ಹೊಗೆ ಏಳುತ್ತದೆ. ನಮ್ಮ ಮನೆಯ ಗಂಡಸರು ಏನನ್ನಾದರೂ ಸಹಿಸಿಯಾರು, ಮಷಿನ್ನಿಗೆ ಆಗುವ ಹಿಂಸೆಯನ್ನು ಮಾತ್ರ ಸಹಿಸರು.

ಕಲ್ಲಿನ ಮೇಲೆ ಜೋಡಿಸಲು ಕೂತೆವು. ಮಾವ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ವಾರಗಿತ್ತಿ ಚೈನನ್ನು ತಿರುಗಿಸಿ ಹಾಕುತ್ತಿದ್ದಂತೆ ಅವರ ಬೆನ್ನು ನೆಟ್ಟಗಾಯಿತು.

“ಏಯ್ ಹುಡುಗೀರಾ, ಅದು...”

ನಾನು ಕಣ್ಣು ಬಿಟ್ಟೆ. ಮಾವನವರಿಗೆ ಕಣ್ಣು ಬಿಟ್ಟದ್ದು ಅದೇ ಮೊದಲು. ಅವರು ನನ್ನನ್ನು ನೋಡಿದರು, ಚೈನನ್ನು ನೋಡಿದರು, ಎದುರು ಮನೆಯೊಳಗೆ ಹಂಡೆಯ ಮುಂದೆ ಸೊಂಟ ನೀವಿಕೊಳ್ಳುತ್ತಿದ್ದ ಚಿಕ್ಕ ಮಗನನ್ನು ನೋಡಿದರು. ಅರ್ಥವಾಯಿತು. ಬಾಯಿ ಮುಚ್ಚಿದರು. ಆದರೆ ಆ ಚೈನನ್ನು ಹಾಗೆ ನೋಡಿಕೊಂಡು ಸುಮ್ಮನಿರಲು ಅವರಿಗೆ ಎಷ್ಟು ಕಷ್ಟವಾಯಿತೆಂದರೆ, ಟೋಪಿ ತೆಗೆದು ಬೆವರು ಒರೆಸಿಕೊಂಡರು.

ಪೆಟ್ರೋಲು ಹಾಕಿ, ಚೈನಿನ ಎಣ್ಣೆ ತುಂಬಿ, ಕನ್ನಡಕ ಹಾಕಿಕೊಂಡೆ. ನೆಲಕ್ಕಿಟ್ಟು ಹಿಡಿಕೆಯನ್ನು ಕಾಲಲ್ಲಿ ಅದುಮಿ ದಾರ ಎಳೆದೆ. ಮೂರನೇ ಎಳೆತಕ್ಕೆ ಮಷಿನ್ನು ಗುಡುಗಿತು. ಇಷ್ಟು ದಿನ ಬಾಯಿ ಕಟ್ಟಿಕೊಂಡು ಕೂತಿದ್ದದ್ದು ಅದೂ ತಾನೇ!

ಬೇಕರಿ ಬಾಗಿಲಿಗೆ ಹಿಟ್ಟಿನ ಕೈಯಲ್ಲಿ ನಮ್ಮವರು ಬಂದರು. ಎದುರು ಬಾಗಿಲಿಗೆ ಹಸಿರು ಕೈಯಲ್ಲಿ ಮೈದುನ ಬಂದ. ನಾನು ಯಾರನ್ನೂ ನೋಡದೆ ಪಟ್ಟಿಯನ್ನು ಕಾಂಡದ ಮೇಲಿಟ್ಟೆ. ಹೊಗೆ ಎದ್ದಿತು. ಸುಟ್ಟ ವಾಸನೆ. ನಾನು ಇನ್ನಷ್ಟು ಗಟ್ಟಿಯಾಗಿ ಒತ್ತಿದ ಹಾಗೆ ಮಾಡಿದೆ. ವಾರಗಿತ್ತಿ ಪಕ್ಕದಲ್ಲಿ ನಿಂತು, “ಒತ್ತಿ ಅಕ್ಕಾ, ಕೊಯ್ತಾ ಇದೆ, ಕೊಯ್ತಾ ಇದೆ!” ಎಂದು ಕೂಗಿದಳು. ಅವಳ ಆ ನಾಟಕಕ್ಕೆ ನನಗೆ ನಗು ತಡೆಯಲಾಗಲಿಲ್ಲ.

ನಮ್ಮವರ ಮುಖ ಕೆಂಪಾಯಿತು. ಒಂದು ಹೆಜ್ಜೆ ಮುಂದಿಟ್ಟರು, ಎದುರಿಗಿದ್ದ ತಮ್ಮನನ್ನು ಕಂಡು ಹಿಂದಿಟ್ಟರು. ಮೈದುನ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದ, ಬಿಟ್ಟರೆ ಎಲ್ಲಿ ಓಡಿಬಿಡುತ್ತೇನೋ ಎನ್ನುವ ಹಾಗೆ. ಹೊಗೆ ದಟ್ಟವಾಯಿತು. ನನಗೆ ಭಯ ಶುರುವಾಯಿತು. ಇವರು ಇದನ್ನೂ ನುಂಗಿಕೊಂಡರೆ ಮುಂದೇನು? ಚೈನು ಸುಡುತ್ತದೆ, ಮಾತೂ ಹುಟ್ಟುವುದಿಲ್ಲ. ನಿಲ್ಲಿಸಿಬಿಡಲೇ ಎಂದು ಬೆರಳು ಸಡಿಲಿಸುತ್ತಿದ್ದೆ.

“ಅಣ್ಣಾ!” ಮೈದುನ ಕಿರುಚಿದ. “ಏನ್ ನೋಡ್ತಾ ನಿಂತಿದ್ಯೋ, ನಿಲ್ಸೋ! ಚೈನು ಉಲ್ಟಾ ಹಾಕಿದಾರೆ!”

“ನಂಗೆ ಕಾಣಲ್ವೇನೋ!” ನಮ್ಮವರು ಧಾವಿಸಿ ಬಂದರು. “ಏ ಮಹಾರಾಯ್ತೀ, ಆಫ್ ಮಾಡೇ! ಮಷಿನ್ ಅಲ್ವಾ ಅದು, ಅದಕ್ಕೂ ಜೀವ ಇಲ್ವಾ?”

ಆಫ್ ಮಾಡಿದೆ. ಅಣ್ಣ ತಮ್ಮ ಇಬ್ಬರೂ ಅದನ್ನು ಕಲ್ಲಿನ ಮೇಲಿಟ್ಟು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಒಬ್ಬರು ನಟ್ಟು ಬಿಚ್ಚಿದರೆ ಇನ್ನೊಬ್ಬರು ಪಟ್ಟಿ ಹಿಡಿದರು. ಹಿಟ್ಟು, ಹಸಿರು ಬಣ್ಣ, ಎಣ್ಣೆ ಎಲ್ಲ ಕಲಸಿಹೋಯಿತು.

“ಹಲ್ಲು ನೋಡೋ, ಹೇಗಾಗಿದೆ,” ಎಂದರು ನಮ್ಮವರು.

“ತಾ ಇಲ್ಲಿ, ಅರ ಹಾಕಿ ಚೂಪು ಮಾಡ್ತೀನಿ. ಟ್ಯಾಂಕಲ್ಲಿ ಪೆಟ್ರೋಲ್ ಇದ್ಯಾ? ಓಹೋ, ತುಂಬಿದೆ! ನೀನು ತುಂಬಿರಲ್ಲ, ಅತ್ತಿಗೆ ತುಂಬಿರ್ತಾರೆ.”

“ಅರ ಹಾಕೋದು ಯಾವಾಗ ಕಲಿತ್ಯೋ ನೀನು? ಭುಜ ಸರಿ ಇಟ್ಕೋ. ಅಪ್ಪ, ನೋಡಿ ಇವನನ್ನ!”

“ನನ್ನ ಕರೀಬೇಡಿ,” ಎಂದರು ಮಾವ ಮೆಟ್ಟಿಲಿಂದಲೇ. “ನಾನು ರಿಟೈರ್ಡು.” ಟೋಪಿಯ ಕೆಳಗೆ ಅವರ ಮುಖ ನಗುತ್ತಿತ್ತು.

ಚೈನು ನೆಟ್ಟಗಾಯಿತು, ಹಲ್ಲು ಹೊಳೆಯಿತು. ಆಗ ಬಂತು ಹೊಸ ಪ್ರಶ್ನೆ: ಇನ್ನು ಮೇಲೆ ಮಷಿನ್ನು ಇರುವುದು ಯಾರ ಮನೆಯಲ್ಲಿ?

“ನಿನ್ನ ಹತ್ರಾನೇ ಇರ್ಲಿ ಅಣ್ಣಾ, ನಮ್ಮನೇಲಿ ಬಣ್ಣದ ಹಬೆ. ತುಕ್ಕು ಹಿಡಿಯುತ್ತೆ.”

“ನಮ್ಮನೇಲಿ ಹಿಟ್ಟಿನ ಧೂಳು ಕಣೋ, ಫಿಲ್ಟರ್ ಕಟ್ಕೊಳ್ಳುತ್ತೆ. ನೀನೇ ಇಟ್ಕೋ.”

“ಹೇಳಿದ್ ಮಾತು ಕೇಳಲ್ವಲ್ಲ ಅಣ್ಣಾ ನೀನು!”

“ಚಿಕ್ಕೋನು ನೀನು ಕೇಳ್ಬೇಕಾ, ನಾನು ಕೇಳ್ಬೇಕಾ?”

ಎದ್ದು ನಿಂತು, ಕೈ ಬೀಸಿ ವಾದ ಶುರು ಮಾಡಿದರು. ಬೇಕರಿಗೆ ಬ್ರೆಡ್ಡು ಕೊಳ್ಳಲು ಬಂದ ಇಬ್ಬರು ನಿಂತು ನೋಡಿದರು. ನಾನು ವಾರಗಿತ್ತಿಯ ಕಡೆ ತಿರುಗಿದೆ. ಅವಳು ಆಗಲೇ ಕನ್ನಡಕ ಹಾಕಿಕೊಂಡು, ಕಲ್ಲಿನ ಮೇಲಿದ್ದ ಮಷಿನ್ನನ್ನು ಎತ್ತಿಕೊಂಡು ಮರದ ಹತ್ತಿರ ನಿಂತಿದ್ದಳು. ದಾರ ಎಳೆದಳು. ಈ ಸಲ ಕಾಂಡದಿಂದ ಹೊಗೆ ಬರಲಿಲ್ಲ, ಹೊಂಬಣ್ಣದ ಹೊಟ್ಟು ಚಿಮ್ಮಿತು. ಮೊದಲ ತುಂಡು ಧೊಪ್ಪೆಂದು ಬಿತ್ತು. ನಾನು ಅದನ್ನು ಉರುಳಿಸಿಕೊಂಡು ಬಂದೆ. ಎರಡನೆಯದು ಬಿತ್ತು. ಅಣ್ಣ ತಮ್ಮಂದಿರ ಬಾಯಿ ಎರಡೂ ಆಡುತ್ತಲೇ ಇದ್ದವು. ಮಷಿನ್ನಿನ ಸದ್ದಿನಲ್ಲಿ ಒಂದು ಮಾತೂ ಕೇಳಿಸುತ್ತಿರಲಿಲ್ಲ.